ಸ್ವಂತ ಮನೆಯ ಸ್ಟೇಷನ್

ನಮ್ಮ ಊರಿನಲ್ಲಿ ಸಂಜೆ ಆರರಿಂದ ಏಳರವರೆಗೆ ಯಾರು ಏನು ಮಾತಾಡಿದರೂ ಎದುರಿಗಿದ್ದವರಿಗೆ ಕೇಳಿಸುವುದಿಲ್ಲ. ಕುಕ್ಕರಿನ ಸೀಟಿ ಕೇಳಿಸುತ್ತದೆ, ನಾಯಿ ಬೊಗಳಿದ್ದು ಕೇಳಿಸುತ್ತದೆ, ಸ್ಕೂಟರು ಕೆಮ್ಮುವುದು ಕೇಳಿಸುತ್ತದೆ. ಮನುಷ್ಯರ ಮಾತು ಮಾತ್ರ ಬಾಯಿಂದ ನೇರವಾಗಿ ಆಕಾಶಕ್ಕೆ ಹೋಗಿ, ರೇಡಿಯೊದ ನಲವತ್ತೊಂದು ಮೀಟರ್ ಬ್ಯಾಂಡಿನ ಆಚೀಚೆ ಎಲ್ಲೋ ಒಂದು ಕಡೆ ಕೂತುಕೊಳ್ಳುತ್ತದೆ. ಗಾಜಿನ ವಾಲ್ವುಗಳಿರುವ ಹಳೆಯ ಕಾಲದ ರೇಡಿಯೊ ಇದ್ದವರು ಅದನ್ನು ಹಿಡಿದು ಕೇಳಬಹುದು. ಟ್ರಾನ್ಸಿಸ್ಟರಿಗೆ ಸಿಗುವುದಿಲ್ಲ, ಮೊಬೈಲಿಗಂತೂ ಇಲ್ಲವೇ ಇಲ್ಲ. ಹೊರಗಿನಿಂದ ಬಂದ ಇಂಜಿನಿಯರೊಬ್ಬರು ಮೂರು ದಿನ ಲಾಡ್ಜಿನಲ್ಲಿದ್ದು ಏನೇನೋ ಪರೀಕ್ಷೆ ಮಾಡಿ, ನಾಲ್ಕನೆಯ ದಿನ ಸಂಜೆ ಆರೂಕಾಲಕ್ಕೆ ತಮ್ಮ ಮೇಲಧಿಕಾರಿಯನ್ನು ಮನಸಾರೆ ಬೈದು ಊರು ಬಿಟ್ಟರು. ಬೈದದ್ದನ್ನು ಊರೆಲ್ಲ ಕೇಳಿತು. ಚೆನ್ನಾಗಿತ್ತು.

ಆ ಒಂದು ಗಂಟೆಯಲ್ಲಿ ಕಟಿಂಗ್ ಶಾಪಿನವನು ಗಿರಾಕಿಯ ತಲೆ ಹಿಡಿದುಕೊಂಡು ಅವನ ವಂಶವನ್ನೆಲ್ಲ ಬೈಯುತ್ತಾನೆ. ಗಿರಾಕಿ ಕನ್ನಡಿಯಲ್ಲಿ ನಗುತ್ತಾ ಅವನಿಗೂ ಅಷ್ಟೇ ಬೈಯುತ್ತಾನೆ. ಕ್ರಾಪು ನೆಟ್ಟಗೇ ಬರುತ್ತದೆ. ದೇವಸ್ಥಾನದ ಪೂಜಾರರು ಮಂಗಳಾರತಿ ಎತ್ತುತ್ತಾ ಮಂತ್ರದ ಬದಲು ಸೊಸೆಯ ಅಡುಗೆಯ ವಿಮರ್ಶೆ ಮಾಡುತ್ತಾರೆ. ದೇವರಿಂದ ಇದುವರೆಗೆ ತಕರಾರು ಬಂದಿಲ್ಲ.

ಪ್ರತಿ ಮನೆಗೂ ಡಯಲಿನ ಮೇಲೆ ಒಂದು ಜಾಗವಿದೆ. ನಮ್ಮ ಮನೆ ಹಿಟ್ಟಿನ ಗಿರಣಿಯವರ ಮನೆಗೂ ಪಶುವೈದ್ಯರ ಮನೆಗೂ ನಡುವೆ, ಒಂದು ಉಗುರಿನಷ್ಟು ಅಗಲದಲ್ಲಿ ಸಿಗುತ್ತದೆ. ಊರಿನ ಕಟ್ಟುಪಾಡು ಎರಡೇ. ಕೇಳಿದ್ದನ್ನು ಬಾಯಿಬಿಟ್ಟು ಹೇಳಬಾರದು. ಮತ್ತು ಯಾರ ಮನೆಯನ್ನು ಬೇಕಾದರೂ ಕೇಳಬಹುದು, ಸ್ವಂತ ಮನೆಯನ್ನು ಮಾತ್ರ ಕೇಳಬಾರದು. ಹಿಂದೆ ಒಬ್ಬರು, ನಂಜೇಗೌಡರು ಅಂತ, ಗುಟ್ಟಾಗಿ ತಮ್ಮ ಮನೆಯನ್ನು ಕೇಳಿದರಂತೆ. ಮಕ್ಕಳು ಮಾತಾಡಿಕೊಂಡದ್ದು ಕಿವಿಗೆ ಬಿದ್ದ ದಿನದಿಂದ ಅವರು ಲಾಡ್ಜಿನಲ್ಲಿ ಇದ್ದಾರೆ. ಆರೋಗ್ಯ ಸುಧಾರಿಸಿದೆ. ಆದರೂ ಜನ ಅವರನ್ನು ಉದಾಹರಣೆಯಾಗಿ ತೋರಿಸುತ್ತಾರೆ. ಹೀಗಾಗಿ ನಮ್ಮಲ್ಲಿ ಒಂದು ಮನೆಯವರ ಮನಸ್ಸಿನಲ್ಲಿ ಏನಿದೆಯೆಂದು ಇಡೀ ಊರಿಗೆ ಗೊತ್ತಿರುತ್ತದೆ, ಆ ಮನೆಯವರನ್ನು ಬಿಟ್ಟು.

ನಾನು ಬಸ್ ಸ್ಟ್ಯಾಂಡಿನಲ್ಲಿ ಮೈಕಿನಲ್ಲಿ ಬಸ್ಸು ಕೂಗುವವನು. ಹೆಸರು ವಿಷಕಂಠ. ಹೆಂಡತಿ ಪಾರಿಜಾತ, ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸು. ಮದುವೆಯಾಗಿ ನಾಲ್ಕು ವರ್ಷ. ದಿನವಿಡೀ ಕೂಗಿ ಬಂದವನಿಗೆ ಆರು ಗಂಟೆಯ ಮೌನ ವರದಾನ. ನಾನು ಕುರ್ಚಿಯಲ್ಲಿ ಒರಗಿ ಬಾಯಿ ಮುಚ್ಚಿಕೊಂಡು ಕೂರುತ್ತಿದ್ದೆ. ಪಾರಿ ಮಾತ್ರ ಅಡುಗೆಮನೆಯ ಬಾಗಿಲಲ್ಲಿ ನಿಂತು, ನನ್ನನ್ನೇ ನೋಡುತ್ತಾ, ಆರರಿಂದ ಏಳರವರೆಗೆ ಬಿಡದೆ ತುಟಿ ಆಡಿಸುತ್ತಿದ್ದಳು. ನಡುನಡುವೆ ಕೈ ತೋರಿಸುತ್ತಿದ್ದಳು. ಒಮ್ಮೊಮ್ಮೆ ತಾನೇ ನಗುತ್ತಿದ್ದಳು. ಬೈಯುತ್ತಿದ್ದಾಳೆ ಎಂದುಕೊಂಡಿದ್ದೆ. ಎಲ್ಲ ಹೆಂಡತಿಯರೂ ಅದನ್ನೇ ಮಾಡುತ್ತಾರೆಂದು ಗೊತ್ತಿದ್ದರಿಂದ ಬೇಸರವೇನೂ ಇರಲಿಲ್ಲ.

ಒಂದು ಮಂಗಳವಾರ ಬೆಳಿಗ್ಗೆ ಪಾರಿ ತಟ್ಟೆಯ ಪಕ್ಕ ಒಂದು ಸರ್ಕಾರಿ ಕಾಗದ ಇಟ್ಟಳು. ವರ್ಗಾವಣೆ. ಘಟ್ಟದ ಆಚೆಯ ಒಂದು ಊರಿಗೆ.

"ಮುಂದಿನ ಶನಿವಾರ ಬೆಳಿಗ್ಗೆ ಹತ್ತಕ್ಕೆ ಒಪ್ಕೋತೀನೋ ಇಲ್ವೋ ಬರ್ದು ಕೊಡ್ಬೇಕು. ಅಲ್ಲಿ ಆರು ಗಂಟೇಲೂ ಮಾತು ಕೇಳ್ಸುತ್ತಂತೆ. ನೀವೇನಂತೀರಿ?"

"ನೋಡೋಣ," ಎಂದೆ.

ನಾನು ಇಡ್ಲಿ ಮುರಿದೆ. "ಸರಿ," ಎಂದು ಕಾಗದ ಮಡಚಿ ಬ್ಯಾಗಿಗೆ ಹಾಕಿಕೊಂಡು ಆಸ್ಪತ್ರೆಗೆ ಹೋದಳು. ಅವಳು ಹೋದ ಮೇಲೆ ಮಿಕ್ಕ ಇಡ್ಲಿಯನ್ನು ಹಾಗೇ ಮುಚ್ಚಿಟ್ಟೆ. ಹೋಗುತ್ತಾಳೋ, ಇರುತ್ತಾಳೋ? ಹೋದರೆ ನಾನು ಜೊತೆಗೋ, ಇಲ್ಲವೋ? ನೇರವಾಗಿ ಕೇಳಬಹುದಿತ್ತು. ಆದರೆ ನಮ್ಮ ಊರಿನವರಿಗೆ ಅದು ರೂಢಿಯಿಲ್ಲ. ಕೇಳಲೇಬೇಕಾದ್ದೆಲ್ಲ ಆರು ಗಂಟೆಗೆ ಹೇಗೂ ಯಾರಿಗೋ ಕೇಳಿಸಿರುತ್ತದೆ.

ಯಾರಿಗೋ ಎಂದರೆ ಟೀ ಅಂಗಡಿಯ ಗವಿಯಪ್ಪನಿಗೆ. ಅವನ ಅಂಗಡಿಯ ಅಟ್ಟದ ಮೇಲೆ ಎರಡು ವಾಲ್ವಿನ ಸೆಟ್ಟಿತ್ತು. ನಾನು ಹೋದ ಕೂಡಲೆ ಅವನು ಬಟ್ಟೆಯಿಂದ ಬೆಂಚು ಒರೆಸಿ, "ಬನ್ನಿ ಸಾರ್. ನಿನ್ನೆ ಆ ಸೊಳ್ಳೆ ಸಿಕ್ತಾ?" ಎಂದ.

"ಯಾವ ಸೊಳ್ಳೆ?"

ಅವನು ನಾಲಿಗೆ ಕಚ್ಚಿಕೊಂಡು ಹಾಲು ಕಾಯಿಸಲು ತಿರುಗಿದ. ನಿನ್ನೆ ಸಂಜೆ ನಾನು ಒಂದು ಸೊಳ್ಳೆಯನ್ನು ಹೊಡೆಯಲು ಕಾಲು ಗಂಟೆ ಮನೆಯೆಲ್ಲ ಓಡಾಡಿದ್ದು ನಿಜ.

"ಗವಿಯಪ್ಪ, ನಮ್ಮನೆಯವಳು ಆ ವರ್ಗಾವಣೆ ಬಗ್ಗೆ ಏನಾದ್ರೂ..."

"ಸಾರ್, ನನ್ ಬಾಯಿ ಬಿಡಿಸ್ಬೇಡಿ. ನಾನು ಮಕ್ಕಳೊಂದಿಗ. ನೀವು ಬಿಸ್ಕತ್ ತಗೊಳಿ, ಇನ್ನೊಂದು ತಗೊಳಿ." ಬೆಂಚಿನ ಮೇಲಿದ್ದ ಇಬ್ಬರು ನನ್ನ ಕಡೆ ನೋಡಿ, ಆಮೇಲೆ ಪೇಪರಿನ ಹಿಂದೆ ಮುಖ ಇಟ್ಟುಕೊಂಡರು. ಪೇಪರು ಅಲುಗಾಡುತ್ತಿತ್ತು.

ಆ ಸಂಜೆಯೇ, ಏಳು ಹೊಡೆದ ಮೇಲೆ, ನಾನು ಕ್ಲಾರಮ್ಮನ ಕ್ಲಾಸಿಗೆ ಸೇರಿದೆ.

ಕ್ಲಾರಮ್ಮನಿಗೆ ಎಪ್ಪತ್ತರ ಹತ್ತಿರ. ತಂತಿ ಆಫೀಸಿನಲ್ಲಿದ್ದವರು. ಈಗ ತಮ್ಮ ಕಾರಿಲ್ಲದ ಕಾರ್ ಶೆಡ್ಡಿನಲ್ಲಿ ವಾಲ್ವ್ ಸೆಟ್ಟು ಕಟ್ಟುವುದನ್ನು ಕಲಿಸುತ್ತಾರೆ. ಸೆಟ್ಟನ್ನು ಕೊಂಡುಕೊಳ್ಳಲು ಬರುವುದಿಲ್ಲ. ಬೇರೆಯವರು ಕಟ್ಟಿದ್ದು ನಮ್ಮ ಕೈಗೆ ಬಂದರೆ ಬರೀ ಗೊರಗೊರ ಅನ್ನುತ್ತದೆ.

"ಯಾರ ಮನೆ ಕೇಳ್ಬೇಕು?" ಎಂದು ಮೊದಲೇ ಕೇಳಿದರು.

"ಪಶುವೈದ್ಯರ ಮನೆ."

"ಅಲ್ಲೇನಿದೆ? ಆಯಪ್ಪ ಮನೇಲೂ ಹಸೂನ ಕೇಳ್ದಂಗೆ ಹೆಂಡ್ತಿಗೂ ಎಷ್ಟು ಹಾಲು ಅಂತಾನೆ." ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಆಯ್ತು. ಮೊದಲನೇ ಪಾಠ ಸಾಯದೆ ಇರೋದು. ಎಡಗೈ ಜೇಬಲ್ಲಿಟ್ಕೊ. ಬ್ಯಾಟರಿ ಚಾಲು ಇರೋವಾಗ ಒಂದೇ ಕೈಲಿ ಮುಟ್ಬೇಕು. ಎರಡು ಕೈಲಿ ಮುಟ್ಟಿದ್ರೆ ಕರೆಂಟು ಎದೆ ಮೇಲಿಂದ ಹೋಗುತ್ತೆ."

ನಮ್ಮ ಊರಿನ ಅರ್ಧ ಗಂಡಸರ ಪ್ಯಾಂಟಿನ ಎಡ ಜೇಬು ಯಾಕೆ ಹರಿದಿರುತ್ತದೆ ಎನ್ನುವುದು ನನಗೆ ಅವತ್ತು ಗೊತ್ತಾಯಿತು.

ಅವರು ಹತ್ತಿಯಲ್ಲಿ ಸುತ್ತಿದ ಒಂದು ವಾಲ್ವನ್ನು ತೆಗೆದು ಬೆಳಕಿಗೆ ಹಿಡಿದರು. ಹೆಬ್ಬೆರಳಿನಷ್ಟಿತ್ತು. "ಒಳಗೆ ನೋಡು. ನಡುವೆ ಒಲೆ. ಕಾಯುತ್ತೆ. ಕಾದ್ರೆ ಎಲೆಕ್ಟ್ರಾನ್‌ಗಳು ಅನ್ನ ಬೆಂದಂಗೆ ಮೇಲೇಳ್ತವೆ. ಸುತ್ತ ಇರೋ ತಟ್ಟೇಗೆ ತೊಂಬತ್ತು ವೋಲ್ಟ್ ಹಸಿವು. ಬಾ ಬಾ ಅಂತ ಕರೀತದೆ. ಮಧ್ಯೆ ಈ ಜಾಲರಿ ಇದೆಯಲ್ಲ, ಇದು ಅತ್ತೆ. ಬಾಗಿಲಲ್ಲಿ ನಿಂತಿರ್ತಾಳೆ. ಹುಬ್ಬು ಒಂಚೂರು ಆಡಿಸಿದ್ರೆ ಸಾಕು, ಬಡಿಸೋದು ಜಾಸ್ತಿ ಆಗುತ್ತೆ, ಕಡಿಮೆ ಆಗುತ್ತೆ. ಆಂಟೆನಾದಿಂದ ಬರೋ ಪಿಸುಮಾತು ಅತ್ತೆ ಹುಬ್ಬಿಗೆ ತಾಗುತ್ತೆ. ಅಷ್ಟೇ ರೇಡಿಯೊ. ನಾನೂ ಅತ್ತೆನೇ, ಸುಳ್ಳು ಹೇಳಲ್ಲ."

"ಒಂದೇ ವಾಲ್ವ್ ಸಾಕಾ ಮೇಡಂ?"

"ಸಾಕು, ಎರಡನೇ ಸುರುಳಿ ಹಾಕಿದ್ರೆ. ಹೊರಗೆ ಹೋಗೋ ಸದ್ದಲ್ಲಿ ಒಂಚೂರು ತಗೊಂಡು ಮತ್ತೆ ಅತ್ತೆ ಕಿವೀಗೇ ಊದೋದು. ಅದಕ್ಕೆ ರಿಯಾಕ್ಷನ್ ಅಂತಾರೆ. ಹದವಾಗಿ ಊದಿದ್ರೆ ಇರುವೆ ಕೆಮ್ಮಿದ್ದೂ ಕೇಳ್ಸುತ್ತೆ. ಕೂದಲೆಳೆ ಜಾಸ್ತಿ ಆಯ್ತು ಅಂದ್ಕೊ, ಅತ್ತೆ ತಾನೇ ಅರಚೋಕೆ ಶುರು ಮಾಡ್ತಾಳೆ. ಆಗ ನಿನ್ ಸೆಟ್ಟು ಕೇಳಲ್ಲ, ಕೂಗುತ್ತೆ. ಆಂಟೆನಾದಿಂದ ಹೊರಗೆ ಹೋಗಿ ಊರವರ ಕಿವೀಗೆಲ್ಲ ಸೀಟಿ. ಮರ್ಯಾದೆ ಹೋಗುತ್ತೆ." ವಾಲ್ವನ್ನು ನನ್ನ ಅಂಗೈ ಮೇಲಿಟ್ಟರು. "ಇದೊಂದೇ. ಸುಟ್ಟರೆ ಈ ಕಡೆ ಬರ್ಬೇಡ."

ಸೆಟ್ಟಿಗೆ ಬುಡವಾಗಿ ಒಂದು ಒಣ ಹಲಗೆ ಬೇಕಿತ್ತು. ನಾನು ಪಾರಿಯ ಚಪಾತಿ ಮಣೆಯನ್ನು ಕದ್ದೆ. ಸುರುಳಿಗೆ ಒಂದು ತುಂಡು ಪಿವಿಸಿ ಪೈಪು. ಮೂವತ್ತು ಸುತ್ತು, ಪಕ್ಕದಲ್ಲಿ ರಿಯಾಕ್ಷನ್ನಿಗೆ ಎಂಟು ಸುತ್ತು. ಗುಜರಿಯಲ್ಲಿ ಸಿಕ್ಕ ಹಳೆಯ ಸೆಟ್ಟಿನಿಂದ ಟ್ಯೂನ್ ಮಾಡಲು ತಿರುಗಿಸುವ ಗ್ಯಾಂಗ್ ಕಂಡೆನ್ಸರು, ಭಾರದ ಹೆಡ್‌ಫೋನು. ಒಲೆ ಹಚ್ಚಲು ಸ್ಕೂಟರಿನ ಆರು ವೋಲ್ಟಿನ ಬ್ಯಾಟರಿ. ತೊಂಬತ್ತು ವೋಲ್ಟಿಗೆ ಒಂಬತ್ತು ವೋಲ್ಟಿನ ಹತ್ತು ಸಣ್ಣ ಬ್ಯಾಟರಿಗಳನ್ನು ಒಂದರ ಬಾಯಿಗೆ ಒಂದರ ಬಾಲ ಸಿಕ್ಕಿಸಿದ ರೈಲು. ಇಷ್ಟನ್ನೂ ಸ್ಟೋರ್ ರೂಮಿನ ಹಳೆಯ ತೊಟ್ಟಿಲಿನ ಮೇಲೆ ಹರಡಿಕೊಂಡು, ಬೆಸುಗೆ ಹಾಕುತ್ತಾ, ಮನೆಯೆಲ್ಲ ರಾಳದ ವಾಸನೆ ಮಾಡಿದೆ.

"ಏನ್ರೀ ಅದು ವಾಸ್ನೆ?" ಎಂದು ಪಾರಿ ಕೇಳಿದಳು.

"ಇಲಿ," ಎಂದೆ.

"ಇಲಿ ರಾಳ ಹಾಕ್ಕೊಂಡಿತ್ತಾ?" ಎಂದಳು. ಮತ್ತೆ ಕೇಳಲಿಲ್ಲ. ಚಪಾತಿಯನ್ನು ಸ್ಟೀಲ್ ತಟ್ಟೆಯ ಬೆನ್ನ ಮೇಲೆ ಲಟ್ಟಿಸಲು ಶುರು ಮಾಡಿದಳು.

ಭಾನುವಾರ ನಾನು ಸ್ಕೂಟರ್ ಬ್ಯಾಟರಿ ಕೊಡಬೇಕಾದ ಕಡೆ ರೈಲನ್ನು ಕೊಟ್ಟೆ. ಒಲೆಗೆ ತೊಂಬತ್ತು ವೋಲ್ಟ್. ಕ್ಲಾರಮ್ಮ ಹೇಳಿದ್ದಂತೆ ವಾಲ್ವಿನ ಬದಲು ಮೊದಲು ಸ್ಕೂಟರಿನ ಬಲ್ಬನ್ನು ಸಿಕ್ಕಿಸಿ ನೋಡಿದ್ದರಿಂದ ಬಲ್ಬು ಒಮ್ಮೆ ಸೂರ್ಯನಂತೆ ಹೊಳೆದು ಸತ್ತಿತು, ವಾಲ್ವ್ ಉಳಿಯಿತು. ನಾನು ಜೇಬಿನಿಂದ ಎಡಗೈ ತೆಗೆದು ಬೆವರು ಒರೆಸಿಕೊಂಡು, ಅದೇ ಕೈಯನ್ನು ರೈಲಿನ ಬಾಲದ ಮೇಲೆ ಊರಿದೆ. ಬಲಗೈ ರೈಲಿನ ತಲೆಯ ಮೇಲೇ ಇತ್ತು. ತೊಟ್ಟಿಲಿನ ಸಮೇತ ಹಿಂದಕ್ಕೆ ಬಿದ್ದೆ. ಮಾರನೆಯ ದಿನ ಗವಿಯಪ್ಪ ಕೇಳದೆಯೇ ನನ್ನ ಟೀಗೆ ಶುಂಠಿ ಜಾಸ್ತಿ ಹಾಕಿ, "ಸೊಂಟ ಹುಷಾರು ಸಾರ್," ಎಂದ.

ಬುಧವಾರ ಸೆಟ್ಟು ಮುಗಿಯಿತು. ವಾಲ್ವಿನೊಳಗೆ ಕೆಂಪಗೆ ಒಂದು ಗೆರೆ ಹೊತ್ತಿಕೊಂಡಿತು. ಏನೂ ಕೇಳಿಸಲಿಲ್ಲ. ಏಳು ಹೊಡೆದ ಕೂಡಲೆ ಕ್ಲಾರಮ್ಮನ ಹತ್ತಿರ ಓಡಿದೆ. "ಎರಡನೇ ಸುರುಳಿ ಯಾವ ದಿಕ್ಕಿಗೆ ಸುತ್ತಿದೀಯ?" ಎಂದರು. ನಾನು ಗಾಳಿಯಲ್ಲಿ ಸುತ್ತಿ ತೋರಿಸಿದೆ. "ಹಂಗೆ ಸುತ್ತಿದ್ರೆ ಕಿವಿಗೆ ಊದ್ದಂಗಲ್ಲ, ಕಿವಿ ಮುಚ್ಚಿದಂಗೆ. ತುದಿ ಎರಡೂ ಅದಲುಬದಲು ಮಾಡು." ಹೊರಡುವಾಗ ಕೂಗಿ ಹೇಳಿದರು: "ಪಶುವೈದ್ಯರ ಮನೆ ಸಿಕ್ಕಿದ್ಮೇಲೆ ಅಲ್ಲೇ ನಿಲ್ಸು. ಎಡಕ್ಕೆ ತಿರುಗಿಸ್ಬೇಡ. ಗೊತ್ತಾಯ್ತಾ?"

ಗುರುವಾರ ಸಂಜೆ ಸಿಕ್ಕಿತು. ಮೊದಲು ಗಿರಣಿಯವರು: ಅಪ್ಪ ಮಗ ಇಬ್ಬರೂ ಒಟ್ಟಿಗೆ ಅಳುತ್ತಿದ್ದರು, ಒಬ್ಬರದ್ದು ಒಬ್ಬರಿಗೆ ಗೊತ್ತಿಲ್ಲದೆ. ಆಮೇಲೆ ಪಶುವೈದ್ಯರು: ನಿಜವಾಗಿಯೂ ಹಾಲಿನ ವಿಷಯವೇ. ನಡುವೆ ಬರೀ ಗೊರಗೊರ. ಆಂಟೆನಾ ಅಂತ ಸಿಕ್ಕಿಸಿದ್ದು ಹಿತ್ತಲಿನ ಬಟ್ಟೆ ಒಣಹಾಕುವ ತಂತಿ. ಅದರ ಮೇಲೆ ಪಾರಿ ಎಂಟು ಒದ್ದೆ ಬೆಡ್‌ಶೀಟು ಹಾಕಿದ್ದಳು, ಉಗುರಿನಷ್ಟು ಅಗಲದ ನಮ್ಮ ಮನೆ ಆ ಒದ್ದೆಯಲ್ಲಿ ಮುಳುಗಿಹೋಗಿತ್ತು. ಆ ಹೊತ್ತಿನಲ್ಲಿ ಹೋಗಿ ತೆಗೆಯುವ ಧೈರ್ಯ ಆಗಲಿಲ್ಲ.

ಶುಕ್ರವಾರ ಮಧ್ಯಾಹ್ನವೇ ಮನೆಗೆ ಬಂದು ತಂತಿಯ ಮೇಲಿನ ಬಟ್ಟೆಯನ್ನೆಲ್ಲ ತೆಗೆದು ಮಡಚಿಟ್ಟೆ. ನಾನು ಬಟ್ಟೆ ಮಡಚಿದ್ದು ಅದೇ ಮೊದಲು. ಆರಕ್ಕೆ ಐದು ನಿಮಿಷವಿರುವಾಗ ಸ್ಟೋರ್ ರೂಮಿನ ಬಾಗಿಲು ಹಾಕಿಕೊಂಡು ಹೆಡ್‌ಫೋನು ಏರಿಸಿದೆ. ಆರಾಯಿತು. ಪಶುವೈದ್ಯರಿಂದ ನಿಧಾನವಾಗಿ ಎಡಕ್ಕೆ ಬಂದೆ. ರಿಯಾಕ್ಷನ್ ಒಂಚೂರು ಏರಿಸಿದೆ. ಗೊರಗೊರದ ಒಳಗಿಂದ, ಬಾವಿಯ ತಳದಿಂದ ಬಂದಂತೆ, ಪಾರಿಯ ದನಿ ಬಂತು.

"...ನಮಸ್ಕಾರ. ಇವತ್ತೂ ಅದೇ ಮೈದಾನ, ಅದೇ ಆಟಗಾರರು. ಆದ್ರೆ ಕುರ್ಚಿ ಖಾಲಿ ಇದೆ. ಸಾಹೇಬ್ರು ಮಧ್ಯಾಹ್ನಾನೇ ಬಂದ್ರು. ಚಪ್ಪಲಿ ಒಂದು ಬಾಗಿಲ ಹತ್ರ, ಇನ್ನೊಂದು ಬೇರೆ ಜಿಲ್ಲೇಲಿ. ಬಂದವ್ರು ಬಟ್ಟೆ ಮಡಚಿದಾರೆ! ಮಡಚಿದಾರೆ ಅನ್ನೋದಕ್ಕಿಂತ ಬಟ್ಟೆ ಜೊತೆ ಕುಸ್ತಿ ಮಾಡಿ ಗೆದ್ದಿದಾರೆ. ಬೆಡ್‌ಶೀಟು ಈಗ ಲಾಡಿನ ಆಕಾರದಲ್ಲಿದೆ. ಹೋದ ಭಾನುವಾರ ತೊಟ್ಟಿಲ ಸಮೇತ ಬಿದ್ದಿದ್ದು ನೆನಪಿದೆಯಲ್ಲ ನಿಮಗೆ, ಸೊಂಟ ಈಗ ವಾಸಿ. ನಿನ್ನೆ ಎರಡು ಸಲ ಬಗ್ಗಿ ನೋಡಿದಾರೆ, ಯಾರೂ ನೋಡ್ತಿಲ್ಲ ಅಂತ..."

ವೀಕ್ಷಕ ವಿವರಣೆ. ನಾಲ್ಕು ವರ್ಷದಿಂದ ನನ್ನ ಹೆಂಡತಿ ನನ್ನ ಮೇಲೆ ದಿನಕ್ಕೊಂದು ಗಂಟೆ ವೀಕ್ಷಕ ವಿವರಣೆ ಕೊಡುತ್ತಿದ್ದಳು. ಗವಿಯಪ್ಪನ ಸೊಳ್ಳೆ, ಶುಂಠಿ, ಅಲುಗಾಡುವ ಪೇಪರು ಎಲ್ಲ ಒಟ್ಟಿಗೆ ಅರ್ಥವಾಗಿ ನನ್ನ ಕಿವಿ ಬಿಸಿಯಾಯಿತು. ನಾನು ಕೆರೆದುಕೊಂಡದ್ದು, ಬಿಸ್ಕತ್ತು ಕದ್ದು ತಿಂದದ್ದು, ಕನ್ನಡಿಯ ಮುಂದೆ ಹೊಟ್ಟೆ ಒಳಗೆಳೆದುಕೊಂಡದ್ದು, ಇವೆಲ್ಲ ಊರಿನ ಮನರಂಜನೆ. ಸಿಟ್ಟು ಬರಬೇಕಿತ್ತು. ಬಂದದ್ದು ಬೇರೆ. ನನ್ನ ಬೆನ್ನು ಎಲ್ಲಿ ತುರಿಸುತ್ತದೆ ಎನ್ನುವುದು ನನಗಿಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಅಷ್ಟರಲ್ಲಿ ಅವಳ ದನಿ ಬದಲಾಯಿತು.

"ಹತ್ತು ದಿನದಿಂದ ಸ್ಟೋರ್ ರೂಮಲ್ಲಿದಾರೆ. ನನ್ ಚಪಾತಿ ಮಣೇನೂ ಅಲ್ಲೇ ಇದೆ. ರೇಡಿಯೊ ಕಟ್ತಿದಾರೆ ಅಂತ ಗೊತ್ತಾಗ್ದೆ ಇರೋಕೆ ನಾನೇನು ಇಲಿಯಾ? ರೀ, ಕೇಳ್ತಿದ್ರೆ ಕೇಳಿ. ಮೊದಲನೇ ವರ್ಷ ನಾನು ಬೈದೆ. ಆಮೇಲೆ ಊರವ್ರಿಗೆ ಬೇಜಾರಾಗುತ್ತೆ ಅಂತ ತಮಾಷೆ ಶುರು ಮಾಡ್ದೆ. ಬೇರೆ ಮನೇಲಿ ಗಂಡಂದ್ರು ಬೈತಾರೆ, ಅಳ್ತಾರೆ, ಏನೋ ಒಂದು ಮಾಡ್ತಾರೆ. ನೀವು ಈ ಒಂದು ಗಂಟೆ ಬಾಯೇ ಬಿಡಲ್ಲ. ಮಿಕ್ಕ ಇಪ್ಪತ್ಮೂರು ಗಂಟೆ ನೋಡೋಣ ಅಂತೀರ. ನಾಳೆ ಹತ್ತು ಗಂಟೆಗೆ ಕಾಗದ ಕೊಡ್ಬೇಕು. ಏನ್ ಬರ್ದಿದೀನಿ ಅಂತ ಹೇಳ್ಬಿಡ್ತೀನಿ. ನಾನು..."

ದನಿ ಸಣ್ಣದಾಯಿತು. ಅವಳು ಅಡುಗೆಮನೆಯ ಕಡೆ ತಿರುಗಿಕೊಂಡಿರಬೇಕು. ನಾನು ರಿಯಾಕ್ಷನ್ನಿನ ಗುಂಡಿಯನ್ನು ಇನ್ನೊಂಚೂರು ಏರಿಸಿದೆ.

ಕಿವಿಯೊಳಗೆ ರೈಲಿಂಜಿನ್ನು ನುಗ್ಗಿದಂತೆ ಸೀಟಿ ಹೊಡೆಯಿತು. ಗಾಬರಿಯಲ್ಲಿ ಗುಂಡಿಯನ್ನು ಇಳಿಸುವ ಬದಲು ಮತ್ತೂ ಏರಿಸಿದೆ. ಕಿಟಕಿಯಲ್ಲಿ ನೋಡಿದರೆ ಎದುರು ಮಹಡಿಯ ಮೇಲೆ ಟೈಲರು ಹೆಡ್‌ಫೋನು ಕಿತ್ತೆಸೆದು, ಸದ್ದಿಲ್ಲದೆ ನನ್ನ ತಾಯಿಯನ್ನು ನೆನೆಯುತ್ತಿದ್ದ. ಕೊನೆಗೆ ವಾಲ್ವನ್ನೇ ಕಿತ್ತು ಕೈ ಸುಟ್ಟುಕೊಂಡೆ. ಮತ್ತೆ ಸಿಕ್ಕಿಸಿ, ಅದು ಕಾದು, ಡಯಲು ಹುಡುಕುವ ಹೊತ್ತಿಗೆ ನಮ್ಮ ಮನೆಯ ಜಾಗದಲ್ಲಿ ಏನೂ ಇರಲಿಲ್ಲ. ಅವಳು ಹೇಳಿ ಮುಗಿಸಿದ್ದಳು.

ಬಾಗಿಲು ತೆಗೆದು ಹೊರಗೆ ಬಂದೆ. ಪಾರಿ ಅಡುಗೆಮನೆಯ ಬಾಗಿಲಲ್ಲಿ ಕಣ್ಣು ಒರೆಸಿಕೊಂಡು ನಿಂತಿದ್ದಳು. ನನ್ನ ಕೊರಳಲ್ಲಿ ಹೆಡ್‌ಫೋನು ನೋಡಿದಳು. ಹುಬ್ಬೇರಿಸಿದಳು: ಕೇಳಿಸಿತಾ? ನಾನು ಇಲ್ಲವೆಂದು ತಲೆ ಅಲ್ಲಾಡಿಸಿದೆ. ಅವಳು ನಂಬಲಿಲ್ಲ. ಗಡಿಯಾರದಲ್ಲಿ ಆರೂ ನಲವತ್ತು.

ನಾನು ಬಾಯಿ ತೆರೆದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಬೇರೆ ಥರ ಮಾತಾಡಿ ಅಭ್ಯಾಸವಿಲ್ಲದ್ದರಿಂದ ಬಸ್ಸು ಕೂಗುವ ಧಾಟಿಯಲ್ಲೇ ಶುರು ಮಾಡಿದೆ. ವಿಷಕಂಠ ಎನ್ನುವ ವಾಹನವು ನಾಲ್ಕು ವರ್ಷ ತಡವಾಗಿ ಹೊರಡುತ್ತಿದೆ ಎಂದೆ. ತಡಕ್ಕೆ ಕಾರಣ ತಾಂತ್ರಿಕವಲ್ಲ, ಹೆದರಿಕೆ ಎಂದೆ. ಪಾರಿ ನನ್ನ ತುಟಿಯನ್ನು ನೋಡಿದಳು, ಏನೂ ಅರ್ಥವಾಗದೆ ನನ್ನ ಕೊರಳಿನಿಂದ ಹೆಡ್‌ಫೋನನ್ನು ಎತ್ತಿಕೊಂಡು ಸ್ಟೋರ್ ರೂಮಿಗೆ ಹೋಗಿ ಮಣೆಯ ಮುಂದೆ ಕೂತಳು. ಎಡಗೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಸ್ಪತ್ರೆಯಲ್ಲಿ ಡ್ರಿಪ್ಪಿನ ಹನಿ ಸರಿಮಾಡುವ ಬೆರಳು. ರಿಯಾಕ್ಷನ್ ಗುಂಡಿಯನ್ನು ಒಂದೇ ಸಲಕ್ಕೆ ಹದಕ್ಕೆ ತಂದಳು. ಸ್ವಂತ ಮನೆಯನ್ನು ಕೇಳುವುದಕ್ಕೆ ಅವಳು ಒಂದು ಕ್ಷಣವೂ ಯೋಚಿಸಲಿಲ್ಲ.

ನಾನು ಬಾಗಿಲಲ್ಲಿ ನಿಂತು ಕಂಡದ್ದನ್ನೆಲ್ಲ ಹೇಳಿದೆ. ಈಗ ಪಾರಿ ಕೂತಿದ್ದಾಳೆ. ಅವಳ ಕಾಲಿನ ಹಿಮ್ಮಡಿ ಒಡೆದಿದೆ, ಡ್ಯೂಟಿಯಲ್ಲಿ ನಿಂತು ನಿಂತು. ನನಗೆ ಅದು ಮೊದಲ ವರ್ಷದಿಂದಲೂ ಗೊತ್ತು, ಮುಲಾಮು ತಂದು ಎರಡು ಸಲ ಅಂಗಡಿಗೇ ವಾಪಸ್ ಕೊಟ್ಟಿದ್ದೇನೆ, ಏನು ಹೇಳಿ ಕೊಡುವುದೆಂದು ತಿಳಿಯದೆ. ಅವಳು ತಲೆ ಎತ್ತಲಿಲ್ಲ. ಭುಜ ಅಲುಗಾಡಿತು, ನಗುವೋ ಏನೋ. ನಾನು ನಿಲ್ಲಿಸಲಿಲ್ಲ. ಆರು ಗಂಟೆಗೂ ಮಾತು ಕೇಳಿಸುವ ಊರೆಂದರೆ ನನಗೆ ಭಯವಾಗುತ್ತದೆ, ಅಲ್ಲಿ ಗಂಡಸರು ಯಾವಾಗ ಸುಮ್ಮನಿರುತ್ತಾರೆ, ಆದರೂ ನೀನು ಹೋಗುವುದಾದರೆ, ಎನ್ನುವಷ್ಟರಲ್ಲಿ ಏಳು ಹೊಡೆಯಿತು, ಮತ್ತು ನನ್ನ ದನಿ ವಾಕ್ಯದ ನಡುವೆಯೇ ಬಸ್ ಸ್ಟ್ಯಾಂಡಿನ ಗಾತ್ರದಲ್ಲಿ ಮನೆ ತುಂಬಿತು:

"ನಾನೂ ಬರ್ತೀನಿ!"

ಇಬ್ಬರೂ ಬೆಚ್ಚಿಬಿದ್ದೆವು. ಅವಳು ಹೆಡ್‌ಫೋನು ತೆಗೆಯುವ ಮೊದಲೇ ಗೇಟು ಕಿರುಗುಟ್ಟಿತು. ಗವಿಯಪ್ಪ, ಟೈಲರು, ಇನ್ನೂ ಏಳೆಂಟು ಜನ, ಹಿಂದೆ ಏದುಸಿರು ಬಿಡುತ್ತಾ ಕ್ಲಾರಮ್ಮ.

"ಕೂದಲೆಳೆ ಅಂತ ಹೇಳಿರ್ಲಿಲ್ವೇನೋ ನಾನು?" ಎಂದು ಕ್ಲಾರಮ್ಮ ನನ್ನನ್ನು ಹಿಡಿದುಕೊಂಡರು. "ಎಡಕ್ಕೆ ತಿರುಗಿಸ್ಬೇಡ ಅಂದ್ರೆ ಎಡಕ್ಕೇ ತಿರುಗಿಸ್ದೆ. ಸ್ವಂತ ಮನೆ ಕೇಳಿದ್ಯಲ್ಲ, ನಾಚ್ಕೆ ಆಗಲ್ವಾ?"

"ಅದು ಬಿಡಿ ಕ್ಲಾರಮ್ಮ," ಗವಿಯಪ್ಪ ಅವರನ್ನು ಪಕ್ಕಕ್ಕೆ ಸರಿಸಿದ. "ಸಾರ್, ಸೀಟಿ ಬಂತಲ್ಲ, ಆವಾಗ ಸಿಸ್ಟರ್ ಏನಂದ್ರು? ನಾನು ಕರು ಥರ ಅಂಬಾ ಅಂತ ಕಾಯ್ತಿದ್ದೆ. ನಾಲ್ಕು ವರ್ಷದಿಂದ ಒಂದು ದಿನಾನೂ ತಪ್ಪಿಸಿಲ್ಲ ಸಾರ್ ನಾನು!"

"ನಂಗೂ ಕೇಳಿಸ್ಲಿಲ್ಲ," ಎಂದೆ.

ಯಾರೂ ನಂಬಲಿಲ್ಲ. ಪಾರಿ ಹೊಸಿಲಿಗೆ ಬಂದು ನಿಂತಳು. ತನ್ನ ಕೇಳುಗರನ್ನು ಅವಳು ಒಟ್ಟಾಗಿ ನೋಡಿದ್ದು ಅದೇ ಮೊದಲಿರಬೇಕು. ಒಬ್ಬೊಬ್ಬರ ಮುಖವನ್ನೂ ನೋಡಿ, "ಎಲ್ರುದೂ ಕಾಫಿ ಆಯ್ತಾ?" ಎಂದಳು. ಆಯ್ತು ಆಯ್ತು ಎಂದರು. "ಹಾಗಾದ್ರೆ ಸರಿ," ಎಂದು ಬಾಗಿಲು ಹಾಕಿ ಚಿಲಕ ಏರಿಸಿದಳು.

"ಏನಂದೆ ಆವಾಗ?" ಎಂದು ಕೇಳಿದೆ. ನಾಲ್ಕು ವರ್ಷದಲ್ಲಿ ನಾನು ಅವಳನ್ನು ಏನಾದರೂ ನೇರವಾಗಿ ಕೇಳಿದ್ದು ಅದೊಂದೇ.

"ನಾನೊಬ್ಬಳೇ ಹೋಗ್ತೀನಿ, ನೀವು ಬರೋದು ಬೇಡ ಅಂದೆ."

ಅದು ಕೇಳಿಸಿದ್ದರೆ ನಾನು ಸ್ಟೋರ್ ರೂಮಿನಿಂದ ಹೊರಗೆ ಬರುತ್ತಲೇ ಇರಲಿಲ್ಲ. ಏಳಾಗುವವರೆಗೆ ಅಲ್ಲೇ ಕೂತು, ಆಮೇಲೆ ಬಂದು ಊಟಕ್ಕೆ ಬಡಿಸ್ತೀಯಾ ಎನ್ನುತ್ತಿದ್ದೆ. ಇದನ್ನೂ ಅವಳಿಗೆ ಹೇಳಿದೆ.

"ಗೊತ್ತು," ಎಂದಳು.

"ಈಗ?"

ಅವಳು ಮಲಗುವ ಕೋಣೆಗೆ ಹೋಗಿ ಮಂಚದ ಕೆಳಗಿನಿಂದ ಒಂದು ಟ್ರಂಕನ್ನು ಎಳೆದಳು. ಅದು ಆಗಲೇ ತುಂಬಿತ್ತು. ಎಷ್ಟು ದಿನದಿಂದ ತುಂಬಿತ್ತೋ. ಮುಚ್ಚಳ ತೆಗೆದು, ಮೇಲಿನ ಅರ್ಧ ಸೀರೆಗಳನ್ನು ಎತ್ತಿ ಮಂಚದ ಮೇಲೆ ಹಾಕಿ, ಖಾಲಿಯಾದ ಜಾಗವನ್ನು ಅಂಗೈಯಿಂದ ಒತ್ತಿ ಸಮ ಮಾಡಿದಳು.

"ಶರ್ಟ್ ತನ್ನಿ," ಎಂದಳು. "ನಾನೇ ಮಡಚ್ತೀನಿ, ನೀವು ಮುಟ್ಬೇಡಿ."